ಬಸ್ಸಾರಿನ ಪಲ್ಯ ಯಾರ ತಟ್ಟೆಗೆ

ನನ್ನ ಸೊಸೆಯ ಮೈಯಲ್ಲಿ ರಕ್ತ ಕಡಿಮೆಯಾದದ್ದು ನನ್ನ ಸೌಟಿನಿಂದ. ಅವಳು ಗುಳಿಗೆ ನುಂಗುವುದಿಲ್ಲ, ತವರಿನವರ ಮೈಕಟ್ಟೇ ಅಷ್ಟು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದವಳು ನಾನೇ. ಅದು ಸುಳ್ಳು.

ಅವಳಿಗೆ ಏಳು ತಿಂಗಳು. ಭೀಮನಬೀಡಿನ ನಮ್ಮ ಹೊಲದಲ್ಲಿ ಚೆಂಡುಹೂವು ಕೊಯ್ಯುತ್ತಿದ್ದವಳು ಸಾಲಿನಲ್ಲೇ ಕುಸಿದಳು. ಗುಂಡ್ಲುಪೇಟೆ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ರಕ್ತ ತೀರಾ ಕಡಿಮೆ, ಹೀಗೇ ಇದ್ದರೆ ಹೆರಿಗೆಯಲ್ಲಿ ತಾಯಿ ಮಗು ಇಬ್ಬರಿಗೂ ಅಪಾಯ ಎಂದರು. ವಾಪಸು ಬರುವಾಗ ಅವಳು ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡಿದ್ದಳು. ನಾನು ದಾರಿಯುದ್ದಕ್ಕೂ ಬೈದೆ.

ಆ ವಾರವೇ ಅಂಗನವಾಡಿಯಲ್ಲಿ ಬಸುರಿಯರಿಗೆ ಅಡುಗೆ ತೋರಿಸುವ ಕಾರ್ಯಕ್ರಮವಿತ್ತು. ಹೇಳಿಕೊಡಲು ಚಾಮರಾಜನಗರದಿಂದ ಒಬ್ಬ ಹುಡುಗಿ ಬಂದಿದ್ದಳು. ನಮ್ಮ ಮನೆಯಲ್ಲಿ ದಿನವೂ ಸೊಪ್ಪು, ನಮಗೇನು ಕಲಿಸುತ್ತೀಯ ಎಂದು ನಾನೇ ಒಲೆ ಮುಂದೆ ಕೂತೆ. ಸೊಪ್ಪು, ಅವರೆಕಾಳು ಬೇಯಿಸಿ, ಬೆಂದ ನೀರಿನ ಕಟ್ಟು ಬಸಿದು ಸಾರು ಮಾಡಿದೆ. ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ. ಹುಡುಗಿ ತಪ್ಪು ಹುಡುಕಲಿಲ್ಲ. ಮನೆಯಲ್ಲಿ ಬಡಿಸುವ ಹಾಗೇ ಬಡಿಸಿ ಎಂದು ಐದು ತಟ್ಟೆ ಇಟ್ಟಳು.

ಕೈ ತಾನಾಗಿ ಓಡಿತು. ಗಂಡನಿಗೆ, ಮಗನಿಗೆ, ಮೊಮ್ಮಗನಿಗೆ, ಆಮೇಲೆ ನನಗೆ. ಕೊನೆಯದು ಸೊಸೆಯ ತಟ್ಟೆ. ಅದಕ್ಕೆ ಮುದ್ದೆ ಇಟ್ಟು ಸಾರು ಬಿಟ್ಟೆ.

"ಇದಕ್ಕೆ ಪಲ್ಯ ಎಲ್ಲಿ ಅಜ್ಜಿ?"

"ಮುಗೀತು ಕಣವ್ವ. ಸಾರು ಐತಲ್ಲ."

ಹೆಂಗಸರು ನಕ್ಕರು. ಅವರ ಮನೆಗಳಲ್ಲೂ ಅಷ್ಟೇ ಎಂದು ಹೊಳೆದ ಮೇಲೆ ನಗು ನಿಂತಿತು. ಮೂಲೆಯಲ್ಲಿದ್ದ ನನ್ನ ಸೊಸೆಯನ್ನು ಹುಡುಗಿ, ದಿನಾ ಹೀಗೇನಾ ಎಂದು ಕೇಳಿದಳು. ಅವಳು ತಲೆ ಎತ್ತಲಿಲ್ಲ.

"ನಮ್ಮತ್ತೆ ಸಾರು ಚೆನ್ನಾಗಿ ಮಾಡ್ತರೆ," ಎಂದಳು.

ಅವಳು ದೂರಿದ್ದರೆ ಜಗಳವಾಡಿ ಎದ್ದು ಬರುತ್ತಿದ್ದೆ. ಅದಕ್ಕೂ ಅವಳು ಆಸ್ಪದ ಕೊಡಲಿಲ್ಲ.

ನನ್ನ ಅತ್ತೆಯೂ ನನಗೆ ಪಲ್ಯವಿಲ್ಲದೆ, ಕೊನೆಗೆ ಉಳಿದ ಸಾರನ್ನೇ ಬಡಿಸುತ್ತಿದ್ದಳು. ನಾನು ಬದುಕಿದೆನಲ್ಲ, ಇವಳಿಗೇನು ಎಂದುಕೊಂಡಿದ್ದೆ. ಹುಟ್ಟಿದ ವಾರದೊಳಗೇ ಹೋದ ನನ್ನ ಎರಡು ಕೂಸುಗಳನ್ನು ಆ ಮಾತಿನಲ್ಲಿ ಸೇರಿಸಿಕೊಂಡಿರಲಿಲ್ಲ. ಅವಕ್ಕೆ ದೃಷ್ಟಿ ತಗುಲಿತು ಎಂದು ಆಗ ಅತ್ತೆ ಹೇಳಿದ್ದಳು. ನಾನು ನಂಬಿದ್ದೆ.

ಮಾರನೆಯ ಬೆಳಿಗ್ಗೆ ಪಲ್ಯ ಇಳಿಸಿದ ತಕ್ಷಣ ಸೊಸೆಯನ್ನು ಕರೆದೆ. ಗಂಡಸರ ಊಟ ಮೊದಲು ಆಗಲಿ ಎಂದು ಬಾಗಿಲಲ್ಲೇ ನಿಂತಳು. "ಕೂತ್ಕೊ ಕಣಮ್ಮಿ," ಎಂದು ಕೈ ಹಿಡಿದು ಕೂರಿಸಿ ಮೂರು ಸೌಟು ಹಾಕಿದೆ. ಅವಳ ಅಂಗೈ ರಕ್ತವಿಲ್ಲದೆ ಬಿಳುಪಾಗಿತ್ತು. ಮಗ ಬಂದು ತನ್ನ ತಟ್ಟೆ ನೋಡಿಕೊಂಡ.

"ಪಲ್ಯ ಇಷ್ಟೇನವ್ವ?"

"ಸಾರು ಐತಲ್ಲ, ಉಣ್ಣು," ಎಂದೆ. ಸೊಸೆ ತಿಂದು ಮುಗಿಸುವವರೆಗೂ ಅಲ್ಲೇ ಕೂತೆ.