ಗಡಿ ದಾಟಿಸಿದ ಫೋನು

ನಾಗಲಕಟ್ಟೆಯಲ್ಲಿ ಹಿಟ್ಟಿನ ಗಿರಣಿ ಇದ್ದದ್ದು ಒಂದೇ, ಅದು ಪಂಪಮ್ಮನದು. ಗಂಡ ತೀರಿಕೊಂಡಾಗ "ಹೆಂಗಸಿಗ್ಯಾಕ ಮೋಟಾರಿನ ಉಸಾಬರಿ, ಮಾರಿಬಿಡು" ಎಂದು ಬುದ್ಧಿ ಹೇಳಲು ಬಂದ ಮೈದುನರ ಬಾಯಿಯನ್ನು ಆಕೆ ಅಂಗಳದಲ್ಲೇ ಮುಚ್ಚಿಸಿ ಕಳಿಸಿದ್ದಳು. ಬೆಲ್ಟು ಜಾರಿದರೆ ತಾನೇ ಏರಿಸುವಳು, ಕಲ್ಲು ಸವೆದರೆ ತಾನೇ ಉಳಿ ಹಿಡಿದು ಕೂರುವಳು. ಹಣೆಯ ಮೇಲಿದ್ದದ್ದು ವಿಭೂತಿಯೋ ಜೋಳದ ಹಿಟ್ಟೋ ಎಂದು ಊರ ಹುಡುಗಿಯರು ಕಿಚಾಯಿಸುತ್ತಿದ್ದರು. ಬಾಯಿ ಗಿರಣಿಗಿಂತ ಜೋರು, ಆದರೆ ಆಡಿದ ಮಾತು ಎಂದೂ ಸುಳ್ಳಲ್ಲ. ಆ ಹೆಸರೊಂದೇ ಆಕೆಯ ಆಸ್ತಿ.

ದ್ಯಾಮಕ್ಕ ಆಕೆಯ ಜೀವದ ಗೆಳತಿ. ಇಬ್ಬರೂ ಒಂದೇ ವರ್ಷ ಆ ಊರಿಗೆ ಸೊಸೆಯರಾಗಿ ಬಂದವರು. ಕೂಲಿ ಮುಗಿಸಿದ ದ್ಯಾಮಕ್ಕ ಗಿರಣಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕದೆ ಮನೆ ಸೇರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ದಿನ ಸರ್ಕಾರಕ್ಕೆ ನಾಗಲಕಟ್ಟೆಯ ನೆನಪಾಯಿತು. ತಂತಿ ಬೇಡ, ಕಂಬದ ಸಾಲು ಬೇಡ, ಗಾಳಿಯಲ್ಲೇ ಮಾತು ಬರುತ್ತದೆ, ಹಳ್ಳಿಗೊಂದು ಫೋನು ಎಂದರು. ಊರಲ್ಲಿ ಎತ್ತರದ ಮಾಳಿಗೆ ಪಂಪಮ್ಮನದೇ ಆದ್ದರಿಂದ ಅದರ ಮೇಲೆ ಕಬ್ಬಿಣದ ಕೊಳವೆ ನಿಲ್ಲಿಸಿ ಆಂಟೆನಾ ಕಟ್ಟಿದರು. ಬಿಸಿಲಿಗೆ ಒಂದು ಸೋಲಾರ್ ಫಲಕ, ಪಡಸಾಲೆಯಲ್ಲಿ ಬ್ಯಾಟರಿ, ಅದರ ಪಕ್ಕ ಕೆಂಪು ಫೋನು. ಶಾಮಿಯಾನ ಹಾಕಿದರು, ಭಾಷಣ ಮಾಡಿದರು. ಹಾರ ಹಾಕಿಸಿಕೊಂಡ ದೊಡ್ಡವರೊಬ್ಬರು "ಹಲೋ" ಎಂದರು, ಆ ತುದಿಯಿಂದಲೂ ಯಾರೋ "ಹಲೋ" ಎಂದರು, ಜನ ಚಪ್ಪಾಳೆ ತಟ್ಟಿದರು. ಮಂಡಕ್ಕಿ ಮಿರ್ಚಿ ತಿಂದು ಜೀಪುಗಳು ಹೋದವು. ಅಷ್ಟೇ ಅದರ ಆಯುಷ್ಯ. ಮುಂದಿನ ಅಮಾವಾಸ್ಯೆಯೊಳಗೆ ಫೋನು ಸತ್ತಿತ್ತು.

ಪಂಪಮ್ಮ ಪೇಟೆಯಲ್ಲಿದ್ದ ಯೋಜನೆಯ ಆಫೀಸಿಗೆ ಅಲೆದಳು. ಕಡೆಗೂ ಜೀಪು ಬಂತು. ಬಂದವರು ಎಂಜಿನಿಯರ್ ಅಮರೇಶ್. ಫೋನಿನ ಮುಚ್ಚಳ ಬಿಚ್ಚಿ ಬೆರಳಾಡಿಸಿ, ನೆರೆದ ಜನರ ಮುಂದೆ ಹೇಳಿದರು: "ಒಳಗ ಹಿಟ್ಟು ಹೋಗೈತಿ. ಗಿರಣಿ ಮನಿಯಾಗ ಇಟ್ಟು ಕೆಡಿಸ್ಯಾರ. ನೆಟ್ಟಗ ನೋಡಿಕೊಂಡಿಲ್ಲ."

ಆ ಮಾತು ನಂಬುವಂತಿತ್ತು, ಅದೇ ಅದರ ವಿಷ. ಪಂಪಮ್ಮ ಫೋನಿಗೆ ಒಗೆದ ಬಟ್ಟೆ ಹೊದಿಸಿದಳು, ಗಿರಣಿಯ ಕಡೆಯ ಬಾಗಿಲಿಗೆ ಗೋಣಿ ಕಟ್ಟಿದಳು. ಸತ್ತದ್ದು ಏಳಲಿಲ್ಲ. ಬಸ್ಸು ನಿಲ್ಲುವಲ್ಲಿ ಚಹಾದಂಗಡಿ ಇಟ್ಟಿದ್ದ ಪಾಲಾಕ್ಷ ತನಗಾದರೂ ಒಂದು ತಂತಿಯ ಫೋನು ಕೊಡಿ ಎಂದು ಕೇಳಿದರೆ ಟೆಲಿಫೋನ್ ಇಲಾಖೆಯವರು "ನಿಮ್ಮೂರಾಗ ಫೋನ್ ಐತಲ್ಲೋ" ಎಂದು ನಕ್ಕು ಕಳಿಸಿದರು. ಸತ್ತ ಫೋನು ಬದುಕಿದ ಫೋನಿಗೂ ದಾರಿ ಕೊಡಲಿಲ್ಲ. ಇಂಥ ಯೋಜನೆ ಮಾಡಿದವರ ಮನೆ ಹಾಳಾಗ ಎಂದು ಊರೇ ಶಪಿಸಿತು. ಶಾಪಕ್ಕೆ ಆಂಟೆನಾ ಬೇಕಿರಲಿಲ್ಲವಲ್ಲ!

ಮರು ಬೇಸಿಗೆಯಲ್ಲಿ ದ್ಯಾಮಕ್ಕನ ಮಗಳು ಶಾಂತಕುಮಾರಿ ಹೆರಿಗೆಗೆಂದು ತವರಿಗೆ ಬಂದಳು. ಒಂದು ಮಟಮಟ ಮಧ್ಯಾಹ್ನ ನೋವು ಶುರುವಾಯಿತು, ಕೂಸು ಅಡ್ಡ ತಿರುಗಿತ್ತು. ಕೊಟ್ಟೂರಿನ ಆಸ್ಪತ್ರೆಯಿಂದ ಜೀಪು ಕರೆಸಬೇಕು. ದ್ಯಾಮಕ್ಕ ಬಿಸಿಲಲ್ಲಿ ಬರಿಗಾಲಲ್ಲಿ ಓಡಿ ಬಂದಳು. "ಪಂಪವ್ವ, ಫೋನ್ ಹಚ್ಚವ್ವ!" ಪಂಪಮ್ಮ ರಿಸೀವರ್ ಎತ್ತಿ ಕೂಗಿದಳು, ಗುಂಡಿಗಳನ್ನೆಲ್ಲ ಒತ್ತಿದಳು, ಬ್ಯಾಟರಿಗೆ ಒದ್ದಳು. ಹೊಲದಿಂದ ಟ್ರ್ಯಾಕ್ಟರು ಹುಡುಕಿ ತರುವ ಹೊತ್ತಿಗೆ ಶಾಂತಕುಮಾರಿಯ ಕಣ್ಣು ಮೇಲಾಗಿತ್ತು. ಕೊಟ್ಟೂರು ಮುಟ್ಟುವ ಮೊದಲೇ ತಾಯಿಯೂ ಹೋದಳು, ಕೂಸೂ ಹೋಯಿತು.

ಮಾತನಾಡಿಸಲು ಬಂದ ಪಂಪಮ್ಮನಿಗೆ ದ್ಯಾಮಕ್ಕ ಹೊಸ್ತಿಲಲ್ಲೇ ಹೇಳಿದಳು: "ನಿನ್ನ ಹಿಟ್ಟು ನನ್ನ ಮಗಳನ್ನ ತಿಂತು. ನನ್ನ ಮನಿ ಮೆಟ್ಟಬ್ಯಾಡ."

ಅಂದಿನಿಂದ ಆಕೆ ಜೋಳದ ಚೀಲ ಹೊತ್ತುಕೊಂಡು ಬೇರೆ ಊರಿನ ಗಿರಣಿಗೆ ನಡೆದಳು. ಕಟ್ಟೆ ಖಾಲಿಯಾಯಿತು. ಹಿಟ್ಟಿನಿಂದಲ್ಲ ಎಂದು ಪಂಪಮ್ಮನಿಗೆ ಒಳಗೊಳಗೇ ಗೊತ್ತಿತ್ತು, ಆದರೆ ತೋರಿಸುವುದು ಹೇಗೆ? ಅಮರೇಶನ ಬಾಯಿಂದ ಬಂದ ಮಾತು ಅಮರೇಶನ ಬಾಯಿಂದಲೇ ಹಿಂದೆ ಹೋಗಬೇಕು, ಅದೂ ದ್ಯಾಮಕ್ಕನ ಎದುರು. ಅದಿಲ್ಲದೆ ಬದುಕಿದ್ದೂ ದಂಡ ಎನಿಸಿತು ಆಕೆಗೆ.

ಆ ಸೀಮೆಯಲ್ಲಿ ಊರಿಗೆ ದಡಾರ ಬಂದರೆ ಅಮ್ಮ ಬಂದಳೆನ್ನುತ್ತಾರೆ. ಹೊಸ ಮೊರದಲ್ಲಿ ಬೇವಿನ ಸೊಪ್ಪು, ಹಸಿರು ಬಳೆ, ಮೊಸರನ್ನ ಇಟ್ಟು, ಹಲಗೆ ಬಾರಿಸುತ್ತ ಆಕೆಯನ್ನು ಗಡಿ ದಾಟಿಸಿ ಬರುತ್ತಾರೆ. ಮುಂದಿನ ಊರಿನವರು ಆ ಮೊರವನ್ನು ತಮ್ಮ ಗಡಿಯಾಚೆಗೆ ಒಯ್ಯಬೇಕು. ಬಂದದ್ದನ್ನು ಮುಂದಕ್ಕೆ ಕಳಿಸಬಹುದು, ಹಿಂದಕ್ಕೆ ಕಳಿಸುವಂತಿಲ್ಲ.

ಒಂದು ಮಂಗಳವಾರ ಪಂಪಮ್ಮ ಗಿರಣಿ ನಿಲ್ಲಿಸಿದಳು. ಫೋನು ಕಿತ್ತು ಮೊರದಲ್ಲಿಟ್ಟಳು, ಮೇಲೆ ಬೇವು ಹೊದಿಸಿ ಅರಿಶಿನ ಎರಚಿದಳು. ಹಲಗೆಯವರನ್ನು ಕರೆಸಿ, ದ್ಯಾಮಕ್ಕನ ಬಾಗಿಲಿಗೆ ಹೋಗಿ ಅಂಗಳದಲ್ಲೇ ನಿಂತಳು. "ನನ್ನ ಕೂಡ ಮಾತಾಡಬ್ಯಾಡ. ಬಂದು ಕಿವಿಯಿಂದ ಕೇಳು, ಸಾಕು."

ದ್ಯಾಮಕ್ಕ ಸೆರಗು ಬಿಗಿದು ಹಿಂದೆ ಬಂದಳು, ಮಾರು ದೂರ ಬಿಟ್ಟು.

ಹಲಗೆಯ ಸದ್ದಿಗೆ ಮುಂದಿನ ಊರಿನ ಹೆಂಗಸರು ಗಡಿಗೆ ಬಂದರು. ಮೊರದಲ್ಲಿ ಅಮ್ಮನ ಬದಲು ಫೋನು ಕಂಡು ಯಾರೂ ನಗಲಿಲ್ಲ. "ನಮ್ಮದೂ ಸತ್ತು ವರ್ಷಾತು" ಎಂದು ಒಬ್ಬಳು ಮನೆಗೆ ಓಡಿ ತಮ್ಮೂರಿನ ಫೋನನ್ನೂ ಮೊರದಲ್ಲಿ ತಂದಳು. ಅದರಾಚೆಯ ಊರಲ್ಲೂ ಅದೇ ಕತೆ. ದ್ಯಾಮಕ್ಕ ಮೊದಲ ಸಲ ಬಾಯಿ ಬಿಟ್ಟಳು, ಆ ಊರಿನವಳನ್ನು ಕೇಳಿದಳು: "ಯವ್ವಾ, ನಿಮ್ಮ ಫೋನೂ ಗಿರಣ್ಯಾಗ ಇತ್ತಾ?"

"ಇಲ್ಲಬೇ, ದೇವರ ಜಗಲಿ ಮ್ಯಾಲಿತ್ತು. ಇಲಿ ಕಡದಾವ ಅಂತ ನಮ್ಮತ್ತಿಗೆ ಬೈದು ಹೋದ ಆ ಸಾಹೇಬ."

ದ್ಯಾಮಕ್ಕ ಪಂಪಮ್ಮನ ಬೆನ್ನನ್ನೇ ನೋಡುತ್ತ ನಡೆದಳು.

ಆಫೀಸಿನ ಬಾಗಿಲಲ್ಲಿ ಮೊರಗಳು ಸಾಲಾಗಿ ಕೂತವು. "ಸರ್ಕಾರಿ ಸಾಮಾನು ಹಿಂಗ ತರ್ತೀರಾ? ಕೇಸ್ ಹಾಕಸ್ತೀನಿ! ಹಿಂದಕ ಒಯ್ರಿ!" ಎಂದು ಅಮರೇಶ್ ಕೂಗಾಡಿದರು. ಎತ್ತಿಡು ಎಂದರೆ ಜವಾನ ಮಾರಣ್ಣ ಕೈ ಕಟ್ಟಿ ನಿಂತ. "ಗಡಿ ದಾಟಿ ಬಂದದ್ದನ್ನ ಹಿಂದಕ ಕಳಸಂಗಿಲ್ಲ ಸರ. ಮುಂದಕ ಕಳಸಬೇಕು."

"ಮುಂದಕ ಅಂದ್ರ ಎಲ್ಲಿಗೋ?"

"ಬಳ್ಳಾರಿ ದೊಡ್ಡ ಆಫೀಸಿಗೆ, ಸರ."

ಹೆಂಗಸರು ಗೊಳ್ಳೆಂದರು. ಪಂಪಮ್ಮ ನಗಲಿಲ್ಲ. ಒಳಗೆ ನುಗ್ಗಿ ಮೇಜು ಗುದ್ದಿದಳು. "ನನ್ನ ಮನಿಯಾಗ ಹಿಟ್ಟು, ಅವರ ಮನಿಯಾಗ ಇಲಿ! ನಿಮ್ಮ ಆಫೀಸಿನ್ಯಾಗ ಏನೈತ್ರಿ, ಅದನ್ನ ಹೇಳ್ರಿ! ತಾಯಿ ಕೂಸು ಎರಡೂ ಮಣ್ಣಾದ್ವು, ತಪ್ಪು ನನ್ನ ಮ್ಯಾಲೆ ಹಾಕಿ ಕುಂತೀರಿ. ಬಾಯಿ ಬಿಡ್ರಿ!"

ಅಮರೇಶ್ ಬಾಗಿಲ ಕಡೆ ನೋಡಿದರು, ಅಲ್ಲಿ ದಾರಿ ಇರಲಿಲ್ಲ. ದನಿ ಇಳಿಯಿತು. "ಇಲ್ಲಿನ ಮೇನ್ ಮಿಷನ್ನೇ ಸುಟ್ಟೈತಮ್ಮ. ಉದ್ಘಾಟನೆ ಆದ ತಿಂಗಳದಾಗ. ಮಾಡಿದ ಕಂಪನಿ ಬಾಗಿಲು ಹಾಕ್ಯಾರ, ಸಾಮಾನು ಸಿಗಂಗಿಲ್ಲ. ಯಾವ ಊರಿಂದೂ ನಡ್ಯಂಗಿಲ್ಲ. ಮ್ಯಾಲಿನವರು ಇದನ್ನ ಹೇಳಬ್ಯಾಡ ಅಂದಿದ್ರು."

"ಹಿಟ್ಟು?" ಎಂದಳು ಪಂಪಮ್ಮ.

"ಹಿಟ್ಟಿಂದೇನಿಲ್ಲ."

ಅಷ್ಟರಲ್ಲಿ ಅವರ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಅದು ತಂತಿಯದು, ಗಟ್ಟಿಮುಟ್ಟಾಗಿತ್ತು. ಅಮರೇಶ್ ಕೈ ಚಾಚಿದರು. ಅಷ್ಟು ಹೊತ್ತು ಗೋಡೆಗೆ ಒರಗಿದ್ದ ದ್ಯಾಮಕ್ಕ ಬಂದು ರಿಸೀವರಿನ ಮೇಲೆ ಅಂಗೈ ಊರಿದಳು.

"ಕೈ ತೆಗಿಯಮ್ಮ, ಅರ್ಜೆಂಟ್ ಇರತೈತಿ!"

"ನಂದೂ ಅರ್ಜೆಂಟಿತ್ರಿ" ಎಂದಳು ದ್ಯಾಮಕ್ಕ.

ಫೋನು ಆಕೆಯ ಕೈಯಡಿಯಲ್ಲಿ ಬಡಿದುಕೊಂಡಿತು, ಬಡಿದುಕೊಂಡಿತು, ಕಡೆಗೆ ತಾನಾಗಿ ನಿಂತಿತು. ಆಗ ಆಕೆ ಕೈ ತೆಗೆದಳು.

"ನಡಿ ಪಂಪವ್ವ, ಹೊತ್ತಾತು."