ಸತ್ತ ತೀರ್ಪಿಗೊಂದು ಕೆಂಪು ಚುಕ್ಕಿ

ಕಾನೂನು ಪುಸ್ತಕವೂ ಮೊಬೈಲಿನ ಹಾಗೆ, ಹೊಸದು ಬಂದರೆ ಹಳೆಯದು ಕಸ ಎಂದು ನಾನು ನಂಬಿದ್ದೆ. ನಮ್ಮ ಕಂಪನಿ ಕೋರ್ಟಿನ ಲೈಬ್ರರಿಗೆ ತೀರ್ಪು ಹುಡುಕುವ ಸಾಫ್ಟ್‌ವೇರ್ ಕೊಟ್ಟಿತ್ತು. ಅದನ್ನು ಸುಧಾರಿಸಲು ತಜ್ಞ ಎಂಬ ಹೆಸರಿನಲ್ಲಿ ಹೋದವನು ನಾನು. ಗೋಡೆ ತುಂಬ ನಿಂತ ಸಂಪುಟಗಳನ್ನು ನೋಡಿ, ಈ ವರ್ಷದ್ದೊಂದು ಇಟ್ಟುಕೊಂಡು ಮಿಕ್ಕಿದ್ದನ್ನು ತೂಕಕ್ಕೆ ಹಾಕಬಹುದಲ್ಲ ಎಂದು ಮೊದಲ ದಿನವೇ ಸಲಹೆ ಕೊಟ್ಟೆ. ಲೈಬ್ರರಿಯ ಅಕ್ಕ ಕನ್ನಡಕದ ಮೇಲಿನಿಂದ ನೋಡಿ, ಮನೆಯಲ್ಲಿ ಅಜ್ಜಿ ಇದ್ದಾರಾ ಎಂದು ಕೇಳಿದರು. ಇದ್ದಾರೆ ಅಂದೆ.

"ಅವ್ರನ್ನೂ ತೂಕಕ್ಕೆ ಹಾಕಿಬಿಟ್ಟೀಯ, ಹುಷಾರು."

ಹಳೆಯ ತೀರ್ಪು ಮುಪ್ಪಾದ ಮಾತ್ರಕ್ಕೆ ಸಾಯುವುದಿಲ್ಲ ಎಂದು ಆಮೇಲೆ ತಿಳಿಯಿತು. ದೊಡ್ಡ ಪೀಠವೊಂದು ಅದು ತಪ್ಪು ಎನ್ನುವವರೆಗೂ ವಕೀಲರು ಅದರ ಬೆನ್ನೇರಿ ವಾದ ಮಾಡುತ್ತಾರೆ. ಹಾಗಾಗಿ ತೀರ್ಪು ಹುಡುಕಿಕೊಟ್ಟರೆ ಲೈಬ್ರರಿಯವರ ಕೆಲಸ ಮುಗಿಯದು. ಅದಕ್ಕಿನ್ನೂ ಜೀವ ಇದೆಯೇ ಎಂದು ನಾಡಿ ಹಿಡಿದು ನೋಡಬೇಕು. ನಮ್ಮ ಸಾಫ್ಟ್‌ವೇರ್ ಈ ನಾಡಿಯನ್ನು ಬಣ್ಣದಲ್ಲಿ ತೋರಿಸುತ್ತಿತ್ತು. ಜೀವ ಇದ್ದರೆ ಹಸಿರು ಚುಕ್ಕಿ, ಹೋಗಿದ್ದರೆ ಕೆಂಪು.

ಅಕ್ಕ ಇಲ್ಲಿಗೆ ಪುಸ್ತಕದ ಧೂಳು ಹೊಡೆಯಲು ಬಂದವರು. ಸಂಜೆ ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು, ಕೌಂಟರಿನ ಹಿಂದಿನ ಕುರ್ಚಿ ಗಿಟ್ಟಿಸಿದ್ದರು. ಮದುವೆ ಯಾಕಾಗಲಿಲ್ಲ ಎಂದವರಿಗೆ, ವಾದ ಮಾಡುವವರನ್ನು ದಿನವಿಡೀ ನೋಡಿ ಸಾಕಾಗಿತ್ತು ಎನ್ನುತ್ತಿದ್ದರು. ವಾಸ ತಮ್ಮನ ಮನೆಯಲ್ಲಿ. ಶಾಲೆ ಬಿಟ್ಟ ಮೇಲೆ ತಮ್ಮನ ಮಗಳು ಲೈಬ್ರರಿಗೆ ಬಂದು ಕೂರುತ್ತಿದ್ದಳು. ಒಮ್ಮೆ ಸುಮ್ಮನೆ ಮಾತಿಗೆ, ಅಪ್ಪ ಎಲ್ಲಿ ಪುಟ್ಟಿ ಎಂದು ನಾನು ಕೇಳಿದೆ. ಅಕ್ಕ ನಡುವೆ ಬಂದು ನಿಂತು, ಏನು ಕೇಳುವುದಿದ್ದರೂ ನನ್ನನ್ನು ಕೇಳು ಎಂದರು. ಮುಖದಲ್ಲಿ ನಗುವಿರಲಿಲ್ಲ.

ಒಂದು ಸಂಪುಟವನ್ನು ಮಾತ್ರ ಅವರು ಬೇರೆಯವರ ಕೈಲಿ ತರಿಸುತ್ತಿರಲಿಲ್ಲ. ಅದರಲ್ಲಿದ್ದ ಒಂದು ಮೊಕದ್ದಮೆಯ ಹೆಸರನ್ನು ವಕೀಲರು ಕೌಂಟರಿನಲ್ಲಿ ಕೂಗಿದರೆ ಸಾಕು, ಯಾರೋ ಹಾಜರಿ ಕರೆದಂತೆ ಎದ್ದು ನಿಲ್ಲುತ್ತಿದ್ದರು. ಒಳಕೋಣೆಗೆ ಹೋದವರು ಬೇಗ ಬರುತ್ತಿರಲಿಲ್ಲ. ಒಮ್ಮೆ ಇಣುಕಿದೆ. ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ, ಪುಸ್ತಕ ಮುಟ್ಟದೆ ಅದರ ಮುಂದೆ ನಿಂತಿದ್ದರು, ಒಳಗಿನವರು ಬಾಗಿಲು ತೆಗೆಯಲಿ ಎಂದು ಕಾಯುವವರ ಹಾಗೆ. ಶೂರನಾದ ನಾನು ಬೆಕ್ಕಿನ ಹೆಜ್ಜೆ ಇಟ್ಟು ವಾಪಸು ಬಂದೆ.

ಆ ತೀರ್ಪು ಗೋದಾಮಿನ ಕಾವಲುಗಾರನೊಬ್ಬನದು, ಮೊಕದ್ದಮೆಗೂ ಅವನದೇ ಹೆಸರು. ಕಳ್ಳತನದ ಆರೋಪ. ಕದ್ದ ಮಾಲು ಎಲ್ಲಿದೆ ಎಂದು ಪೊಲೀಸರು ಅವನ ಪುಟ್ಟ ಮಗಳನ್ನು ಠಾಣೆಯಲ್ಲಿ ಒಬ್ಬಳನ್ನೇ ಕೂರಿಸಿ ಕೇಳಿದ್ದರು. ಅವಳು ಹೇಳಿದಲ್ಲೇ ಮಾಲು ಸಿಕ್ಕಿತು. ಮನೆಯವರು ಜೊತೆಗಿಲ್ಲದಿದ್ದರೂ ಮಗುವಿನ ಹೇಳಿಕೆ ನಡೆಯುತ್ತದೆ ಎಂದಿತು ನ್ಯಾಯಾಲಯ. ಎಷ್ಟೋ ವರ್ಷಗಳ ಮೇಲೆ ದೊಡ್ಡ ಪೀಠ ನಡೆಯುವುದಿಲ್ಲ ಎಂದಿತು. ಆದರೆ ಯಾವ ತೀರ್ಪಿನ ಹೆಸರನ್ನೂ ಎತ್ತದೆ, ಇದಕ್ಕೆ ವಿರುದ್ಧವಾದ ಹಿಂದಿನವೆಲ್ಲ ಊರ್ಜಿತವಲ್ಲ ಎಂದು ಒಂದು ಸಾಲಿನಲ್ಲಿ ಮುಗಿಸಿತು. ಹೆಸರು ಹಿಡಿದು ಕೊಂಡಿ ಹಾಕುವ ನಮ್ಮ ಸಾಫ್ಟ್‌ವೇರಿಗೆ 'ಎಲ್ಲ' ಎಂದರೆ ಯಾವುದೂ ಅಲ್ಲ. ಹೀಗಾಗಿ ಸತ್ತ ತೀರ್ಪು ಹಸಿರು ಚುಕ್ಕಿ ಇಟ್ಟುಕೊಂಡು ಪರದೆಯ ತುದಿಯಲ್ಲಿ ಕೂತಿತ್ತು. ಪುಸ್ತಕದ ಪುಟಕ್ಕೆ ಅಕ್ಕ ಎಂದೋ ಕೆಂಪು ಚೀಟಿ ಅಂಟಿಸಿದ್ದರು. ಪರದೆಗೆ ಎಲ್ಲಿ ಅಂಟಿಸುವುದು?

ಒಂದು ಮಧ್ಯಾಹ್ನ ಸರ್ಕಾರಿ ವಕೀಲರ ಜೂನಿಯರ್ ಅದೇ ತೀರ್ಪು ಕೇಳಿಕೊಂಡು ಬಂದ. ತಾಯಿಯ ವಿರುದ್ಧ ಮಗನಿಂದ ಠಾಣೆಯಲ್ಲಿ ಹೇಳಿಕೆ ಪಡೆದಿದ್ದಾರಂತೆ, ವಾದ ಮುಂದಿನ ವಾರವಂತೆ. ಈ ತೀರ್ಪು ಈಗ ನಡೆಯುವುದಿಲ್ಲ ಎಂದು ಅಕ್ಕ ತಿಳಿಸಿ ಹೇಳಿದರು. ಅವನು ಫೋನ್ ತೋರಿಸಿದ.

"ಹಸಿರು ಇದೆಯಲ್ಲ ಅಕ್ಕ. ಕಂಪ್ಯೂಟರ್‌ಗಿಂತ ನಿಮಗೆ ಜಾಸ್ತಿ ಗೊತ್ತಾ?"

ಅವನು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿದರು. "ನಿನ್ನ ಡಬ್ಬಾ ಇನ್ನೊಂದು ಮಗೂನ ಆ ಕುರ್ಚಿ ಮೇಲೆ ಕೂರಿಸ್ತಿದೆ ಕಣೋ. ವಾದಕ್ಕೆ ಮುಂಚೆ ಕೆಂಪು ಮಾಡು."

ಬಾಸ್‌ಗೆ ಫೋನ್ ಮಾಡಿದೆ. ತಕರಾರಿದ್ದರೆ ಆ ತೀರ್ಪನ್ನೇ ಪರದೆಯಿಂದ ಕಿತ್ತುಹಾಕು, ಪೀಡೆ ಹೋಗಲಿ ಎಂದರು. ಮಹಾ ಉಪಾಯ ಸಿಕ್ಕವನಂತೆ ಓಡಿಬಂದು, ಇನ್ನು ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಅವರು ಕೂತುಬಿಟ್ಟರು. ಒಂದು ಗಳಿಗೆ, ಆಗಲಿ ಎನ್ನುತ್ತಾರೆ ಅನಿಸಿತು.

"ಬೇಡ," ಎಂದರು. "ಬೇರೆ ಕಡೆ ಪುಸ್ತಕದಲ್ಲಿ ಇನ್ಯಾರಿಗೋ ಸಿಗತ್ತೆ. ಸತ್ತಿದೆ ಅಂತ ಹೇಳೋರು ಅಲ್ಲಿರಲ್ಲ. ಹೆಣ ಬಚ್ಚಿಡಬೇಡ, ಸತ್ತಿದೆ ಅಂತ ಬರಿ."

ಲೈಬ್ರರಿಯವರು ಯಾವುದೇ ತೀರ್ಪಿಗೆ ಟಿಪ್ಪಣಿ ಅಂಟಿಸಲು ಪರದೆಯಲ್ಲಿ ಒಂದು ಜಾಗ ಮಾಡಿದೆ. ನಮ್ಮ ಕಂಪನಿಯ ವಕೀಲರು ದೊಡ್ಡ ಪೀಠದ ಸಾಲನ್ನು ಎರಡು ಸಲ ಓದಿ, ಚುಕ್ಕಿ ಕೆಂಪು ಮಾಡಲು ಗೊಣಗಿಕೊಂಡೇ ಒಪ್ಪಿದರು. ಕಾರಣ ಮಾತ್ರ ಬರೆದಿರಬೇಕು ಎಂದರು. ಅಕ್ಕ ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ಪೀಠ, ವರ್ಷ, ಪುಟ. ಆಮೇಲೂ ಅವರ ಮಾತು ನಿಲ್ಲಲಿಲ್ಲ. ಕುರ್ಚಿ ಎತ್ತರವಿತ್ತು, ಕಾಲು ನೆಲಕ್ಕೆ ಸಿಗುತ್ತಿರಲಿಲ್ಲ, ಗೋಡೆಯಾಚೆ ಅಪ್ಪ ಕೆಮ್ಮುವುದು ಕೇಳುತ್ತಿತ್ತು. ಬುದ್ಧಿವಂತನಾದ ನಾನು ಅದನ್ನೂ ಟೈಪ್ ಮಾಡಿ, ಪುಟಸಂಖ್ಯೆ ಹಾಕೋಣವೆಂದು ತೀರ್ಪಿನಲ್ಲಿ ಹುಡುಕಿದೆ. ತೀರ್ಪಿನಲ್ಲಿ ಕುರ್ಚಿ ಇರಲಿಲ್ಲ. ಗೋಡೆ ಇರಲಿಲ್ಲ. ಯಾರೂ ಕೆಮ್ಮಿರಲಿಲ್ಲ.

ಇಷ್ಟು ವರ್ಷ ಆ ಕೌಂಟರಿನಲ್ಲಿ ವಕೀಲರು ಕೂಗುತ್ತಿದ್ದದ್ದು ಯಾರ ಹೆಸರು ಎಂದು ಆಗ ಹೊಳೆಯಿತು. ಆ ಸಾಲುಗಳನ್ನು ಸದ್ದಿಲ್ಲದೆ ಅಳಿಸಿದೆ. ಚುಕ್ಕಿ ಕೆಂಪಾಯಿತು.

ಮಾರನೆಯ ದಿನ ಜೂನಿಯರ್ ಬಂದು ತಲೆ ತಗ್ಗಿಸಿಕೊಂಡು ನಿಂತ. ಸೀನಿಯರ್ ಕೆಂಪು ನೋಡಿ, ಆ ಹುಡುಗನ ಹೇಳಿಕೆಯನ್ನೇ ಕೈಬಿಟ್ಟರಂತೆ. ಅವನು ಹೋದ ಮೇಲೂ ಅಕ್ಕ ಪರದೆಯನ್ನೇ ನೋಡುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನನ್ನ ಬಾಯಿಗೆ ಆ ಅಭ್ಯಾಸವಿಲ್ಲ.

"ಅಕ್ಕ, ಆ ಮಗೂಗೆ ಪೊಲೀಸರು ಹೊಡೆದು ಬಾಯಿ ಬಿಡಿಸಿದ್ರಾ?"

"ಇಲ್ಲ," ಎಂದರು ಅಕ್ಕ, ತಿರುಗಿ ನೋಡದೆ. "ಯಾರೂ ಗದರಲೂ ಇಲ್ಲ. ಬಿಸ್ಕತ್ತು ಕೊಟ್ರು, ಹೇಳ್ಬಿಟ್ಟೆ."