ಪಾಯಿಂಟಿನ ಭಾವ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಮುಂಬಯಿಯ ಹೋಟೆಲೊಂದರ ಅಡುಗೆಮನೆಯಲ್ಲಿ ಕುದಿಯುವ ಎಣ್ಣೆ ಬಿದ್ದು ಹೋದದ್ದಂತೆ. ತುದಿಯ ಚರ್ಮ ದಪ್ಪಗಟ್ಟಿ ಮೊಬೈಲಿಗೆ ಆ ಬೆರಳು ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಎಡಗೈಯ ಕಿರುಬೆರಳಿನಿಂದ, ಇರುವೆಗೆ ನೋವಾಗದಂತೆ ಸರಿಸುವವರ ಹಾಗೆ, ಮೆಲ್ಲಗೆ ಒತ್ತಿ ಟ್ಯಾಕ್ಸಿ ಕರೆಯುತ್ತಿದ್ದರು.

ತಲ್ಲೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಸಂಬಂಧವೇನೂ ಇಲ್ಲ, ಆದರೂ ನಾನು ಭಾವ ಎಂದೇ ಕರೆಯುತ್ತಿದ್ದೆ. ಅಡುಗೆಗೆ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಮರಳಿದ್ದರು. ಮುಂಬಯಿಯಿಂದ ತಂದದ್ದರಲ್ಲಿ ಅವರಿಗೆ ಅಭಿಮಾನವಿದ್ದದ್ದು ಒಂದು ಕ್ರೆಡಿಟ್ ಕಾರ್ಡಿನ ಮೇಲೆ. ಅದರಲ್ಲಿ ಟ್ಯಾಕ್ಸಿ ಬಾಡಿಗೆ ಕೊಟ್ಟರೆ ಪಾಯಿಂಟು ಬೀಳುತ್ತಿತ್ತು. ಪಾಯಿಂಟು ಸಾಕಷ್ಟು ಕೂಡಿದರೆ ವಿಮಾನದ ಟಿಕೆಟ್ಟು.

ಅವರಿಗೆ ಹೋಗಬೇಕಾಗಿದ್ದದ್ದು ದಿಲ್ಲಿಗೆ. ಒಬ್ಬಳೇ ಮಗಳು ಅವರ ಮನಸ್ಸಿಗೆ ಒಗ್ಗದ ಮದುವೆಯಾಗಿ ಅಲ್ಲಿದ್ದಳು. ನಿನ್ನ ದುಡ್ಡಿನಲ್ಲಿ ನಿನ್ನ ಮನೆಗೆ ಕಾಲಿಡುವುದಿಲ್ಲ ಎಂದು ಆಗ ಅಂದುಬಿಟ್ಟಿದ್ದರು. ಮೊಮ್ಮಗಳು ಹುಟ್ಟಿದ ಮೇಲೆ ಫೋನಿನಲ್ಲಿ ಸಿಟ್ಟು ಕರಗಿತು, ಆಡಿದ ಮಾತು ಮಾತ್ರ ಉಳಿಯಿತು. ಮಗಳು ಟಿಕೆಟ್ ಕಳಿಸುತ್ತೇನೆಂದರೂ ಒಪ್ಪಲಿಲ್ಲ, ತಮ್ಮ ಕೈಯಲ್ಲಿ ಅಷ್ಟು ದುಡ್ಡೂ ಇರಲಿಲ್ಲ.

"ಪಾಯಿಂಟ್ ಅಂದ್ರೆ ನಾನೇ ಕೂಡ್ಸದ್ದ್ ಅಲ್ದಾ? ಅದ್ರಲ್ಲ್ ಹೋಪ" ಅನ್ನುತ್ತಿದ್ದರು.

ಅಷ್ಟರಲ್ಲಿ ನಾವು ಅಬ್ಬಿ ಎಂದು ಕರೆಯುತ್ತಿದ್ದ ನನ್ನ ತಾಯಿಗೆ ಗಂಟಲಿನ ಕ್ಯಾನ್ಸರ್ ಬಂತು. ರೇಡಿಯೇಶನ್ನಿಗೆ, ಊರಿನವರ ಮಾತಿನಲ್ಲಿ ಕರೆಂಟ್ ಕೊಡಿಸಲು, ದಿನಾ ಬ್ರಹ್ಮಾವರ ದಾಟಿ ದೊಡ್ಡಾಸ್ಪತ್ರೆಗೆ ಹೋಗಬೇಕು. ನನಗೆ ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ, ಕೈಯಲ್ಲಿ ಕಾರ್ಡಿಲ್ಲ, ದಿನಾ ಟ್ಯಾಕ್ಸಿ ಹುಡುಕಿ ಹಿಡಿಯುವ ತ್ರಾಣವೂ ಇರಲಿಲ್ಲ. ಭಾವ ತಮ್ಮ ಕಾರ್ಡಿನಲ್ಲಿ ಟ್ಯಾಕ್ಸಿ ಹಿಡಿಯುತ್ತೇನೆಂದರು. ನಾವು ಬಾಡಿಗೆ ಅವರ ಕೈಗೆ ಕೊಡುವುದು, ಪಾಯಿಂಟು ಅವರಿಗೆ.

ಟ್ಯಾಕ್ಸಿ ಸಿಗುವುದೇ ದೊಡ್ಡ ಪಾಡು. ಬರುತ್ತೇನೆಂದವರು ಅರ್ಧ ದಾರಿಯಲ್ಲಿ ಕ್ಯಾನ್ಸಲ್ ಮಾಡುತ್ತಿದ್ದರು. ಭಾವ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಅಂಗಲಾಚುವುದು ಒಳಗೆ ಕೇಳುತ್ತಿತ್ತು: "ಹ್ವಾಯ್, ಪೇಶಂಟ್ ಇತ್ತ್ ಮಾರಾಯ್ರೆ, ಸ್ವಲ್ಪ ಬನ್ನಿ." ಬಂದರೆ ಮುಂದಿನ ಸೀಟಿನಲ್ಲಿ ತಾವೂ ಕೂರುವರು. ಬರಬೇಡಿ ಎಂದರೆ ಕೇಳುತ್ತಿರಲಿಲ್ಲ. ಹಿಂದಿರುಗುವಾಗ ಬ್ರಹ್ಮಾವರ ಬರುವುದರೊಳಗೆ ಅಬ್ಬಿ, ನಾನು, ಭಾವ ಮೂವರಿಗೂ ನಿದ್ದೆ. ಮನೆಯ ಮುಂದೆ ಡ್ರೈವರೇ ಎಬ್ಬಿಸುತ್ತಿದ್ದ.

ರೋಗಿಯ ಹೆಸರಲ್ಲಿ ಪಾಯಿಂಟು ಮಾಡಿಕೊಳ್ಳುತ್ತಾರೆ ಎಂದು ಕೇರಿಯಲ್ಲಿ ಮಾತಾಯಿತು. ಅಬ್ಬಿಯ ಕಿವಿಗೂ ಬಿತ್ತು. ಆಗಲೇ ಅವಳ ದನಿ ಉಸಿರಿನಷ್ಟಾಗಿತ್ತು.

"ಮಾಡ್ಕಳ್ಲಿ ಬಿಡ್. ನನ್ನ್ ನೋವಿಂದ ಒಬ್ರಿಗಾರೂ ವಿಮಾನ ಸಿಕ್ಕಲಿ" ಎಂದಳು.

ದಿಲ್ಲಿಗೆ ಸಾಕಾಗುವಷ್ಟು ಪಾಯಿಂಟು ಆಯಿತೆಂದು ಭಾವ ಹೇಳಿದ ವಾರವೇ ಡಾಕ್ಟರು ಇನ್ನು ಕರೆತರುವುದು ಬೇಡ ಎಂದರು. ನನ್ನ ತಂಗಿ ಅಹಮದಾಬಾದಿನಲ್ಲಿದ್ದಳು, ಗಂಡನ ಕೆಲಸ ಹೋಗಿತ್ತು. ರೈಲಿನಲ್ಲಿ ಸೀಟಿಲ್ಲ. ಆ ಗಳಿಗೆಯಲ್ಲಿ ವಿಮಾನದ ಟಿಕೆಟ್ಟಿಗೆ ಕೇಳುತ್ತಿದ್ದ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಜಗಲಿಯಲ್ಲಿ ಕೂತು ನಾನು ಅವಳಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದೆ. ಭಾವ ಬಂದು ನಿಂತವರು, "ತಂಗಿದ್ ಆಧಾರ್ ಕಾರ್ಡ್ ಫೋಟೋ ಕಳ್ಸುಕ್ ಹೇಳ್" ಎಂದರು.

ನನಗೆ ಅರ್ಥವಾಯಿತು. "ಬ್ಯಾಡ ಭಾವ, ಅದ್ ನಿಮ್ ಮೊಮ್ಮಗಳನ್ನ್ ಕಾಂಬುಕೆ ಇಟ್ಟದ್ದ್" ಎಂದೆ.

"ಮೊಮ್ಮಗ್ಳ್ ಎಲ್ಲಿಗ್ ಹೋತ್ತ್? ಅಲ್ಲೇ ಇರತ್ತ್. ನಿನ್ನ್ ಅಬ್ಬಿ ಕಾಯುದಿಲ್ಲ."

ಮೆಟ್ಟಿಲ ಮೇಲೆ ಕೂತು ಕಿರುಬೆರಳಿನಿಂದ ಟಿಕೆಟ್ ಮಾಡಿದರು. ಮರುದಿನ ಮಧ್ಯಾಹ್ನ ತಂಗಿ ಬಂದಳು. ಅಬ್ಬಿ ಸಂಜೆಯವರೆಗೂ ಅವಳ ಕೈ ಬಿಡಲಿಲ್ಲ. ಬೆಳಿಗ್ಗೆ ಅಬ್ಬಿ ತೀರಿಹೋದಳು.

ಆಮೇಲೆ ಭಾವನ ಪಾಯಿಂಟು ಬೆಳೆಯಲೇ ಇಲ್ಲ. ತಮ್ಮೊಬ್ಬರಿಗೇ ಆದರೆ ಅವರು ಹತ್ತುತ್ತಿದ್ದದ್ದು ಬಸ್ಸು, ಟ್ಯಾಕ್ಸಿ ಬೇರೆಯವರಿಗೆ ಮಾತ್ರ. ನಾನೂ ತಂಗಿಯೂ ಸೇರಿ ಟಿಕೆಟ್ ಮಾಡಿಸುತ್ತೇವೆಂದು ಎಷ್ಟೋ ಸಲ ಕೇಳಿದೆವು. "ಕಾಂಬ, ಎಂತ ಅರ್ಜೆಂಟ್" ಅನ್ನುವುದು, ಮಾತು ಬದಲಿಸುವುದು. ಮರುವರ್ಷ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡರು. ಆಸ್ಪತ್ರೆ ಹತ್ತಿರವೇ ಇತ್ತು, ಉಪಯೋಗವಾಗಲಿಲ್ಲ.

ಮಗಳು ಬಂದಳು. ಸೊಂಟದ ಮೇಲೆ ಮಗು, ಕಣ್ಣು ಅತ್ತು ಅತ್ತು ಬತ್ತಿಹೋಗಿತ್ತು. "ಅಪ್ಪ ಯಾವಾಗ್ಳೂ ಮುಂದಿನ್ ತಿಂಗ್ಳ್ ಬತ್ತೆ ಅಂತಿದ್ರ್" ಎಂದಳು. ಅವರು ಏಕೆ ಬರಲಿಲ್ಲ ಎಂಬುದನ್ನು ಹೇಳದೆ ಇರಲು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ. ಅವಳು ಮಗುವಿನ ಕೂದಲು ಸರಿಪಡಿಸಿದಳು.

"ನಿಮ್ಮ್ ಅಬ್ಬಿ ತಂಗಿನ್ ಗುರ್ತ್ ಹಿಡಿದ್ರಾ?"

"ಹಿಡಿದ್ರ್. ಹೆಸ್ರ್ ಹಿಡ್ದ್ ಕರ್ದ್ರ್."

"ಹಾಂಗಾರೆ ಸೈ" ಎಂದಳು.

ನನ್ನ ತಂಗಿಗೆ ತಾಯಿಯ ಮುಖ ನೋಡಲು ಸಿಕ್ಕಿತ್ತು. ಆ ಮಗು ಅಜ್ಜನ ಮಡಿಲಲ್ಲಿ ಒಮ್ಮೆಯೂ ಕೂರಲಿಲ್ಲ.